ಮೊರ ಅಲ್ಲ, ತಡ್ಪೆ

ಮಾಷ್ಟ್ರು ಹೋದ ಸುದ್ದಿ ಬಂದದ್ದು ಆಟಿ ತಿಂಗಳ ಒಂದು ಬೆಳಿಗ್ಗೆ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ. ಹೊರಗೆ ಎಡೆಬಿಡದ ಮಳೆ. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬೀಳುತ್ತಿದ್ದವು. ನನಗೆ ಅವರ ಮುಖಕ್ಕಿಂತ ಮೊದಲು ಅವರ ಕೆಂಪು ಶಾಯಿ ನೆನಪಾಯಿತು.

ಒಂಬತ್ತನೇ ತರಗತಿಯಲ್ಲಿ ಯಾವ ಯಾವ ಪಾಠ ಇತ್ತೆಂದು ಕೇಳಿದರೆ ಇವತ್ತು ಒಂದೂ ಹೇಳಲಾರೆ. ಕೊನೆಯ ಬೆಂಚಿನ ಆ ಒಂದು ಗಂಟೆ ಮಾತ್ರ ಪೂರ್ತಿ ನೆನಪಿದೆ.

ನಮ್ಮದು ಕಟಪಾಡಿ ಕಡೆಯ ಬೀಡಿಯ ಮನೆ. ಆಗ ಉಡುಪಿ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ಮನಿಯಾರ್ಡರು ಬಂದರೆ ಬಂತು. ಅಮ್ಮ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರು. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ನನ್ನ ಮಗ್ಗಿ ಶುರುವಾದದ್ದೇ ಅಲ್ಲಿಂದ. ಅಮ್ಮ ಸುರುಳಿ ಸುತ್ತಿ ನೂಲು ಹಾಕಿ ಕೊಟ್ಟದ್ದರ ಬಾಯಿ ಮಡಚುವುದು ನನ್ನ ಕೆಲಸ.

ಬೀಡಿ ಕಂಪೆನಿಯ ಬ್ರ್ಯಾಂಚಿಗೆ ಕೊಡುವ ಒಂದು ದಿನ ಇನ್ನೂರು ಬೀಡಿ ಬಾಯಿ ಮಡಚದೆ ಉಳಿದಿತ್ತು. ನಾನು ಅದನ್ನು ಬುತ್ತಿ ಡಬ್ಬಿಯಲ್ಲಿ ತುಂಬಿಸಿ ಶಾಲೆಗೆ ತಂದೆ. ಕನ್ನಡ ಪೀರಿಯಡಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗೆಳತಿಯೂ ನಾನೂ ಮಡಚುತ್ತಾ ಕೂತೆವು. ನೂರು ದಾಟಿದ ಮೇಲೆ ಹೊಗೆಸೊಪ್ಪಿನ ಪುಡಿ ಮೂಗಿಗೆ ಹೋಗಿ ಗೆಳತಿಗೆ ಸೀನು ಬಂತು. ಒಂದಲ್ಲ, ಐದಾರು.

ಮಾಷ್ಟ್ರು ಬಂದು ಡಬ್ಬಿಯ ಮುಚ್ಚಳ ತೆಗೆದರು. ಬೆತ್ತದ ಸದ್ದು ಕೇಳಲು ಇಡೀ ತರಗತಿ ಉಸಿರು ಹಿಡಿದು ಕೂತಿತ್ತು.

‘ಎಷ್ಟಾಯ್ತು?’

‘ನೂರಿಪ್ಪತ್ತು ಸಾರ್.’

‘ಇನ್ನು ಎಂಬತ್ತು ಉಂಟಾ? ಊಟದ ಬಿಡುವಲ್ಲಿ ಮುಗಿಸು. ನಾಳೆ ಬರುವಾಗ ಬೀಡಿ ಕಟ್ಟುವುದು ಹೇಗೆ ಅಂತ ಬರ್ಕೊಂಡು ಬಾ. ಬೀಡಿಯನ್ನೇ ನೋಡದವ ಅದನ್ನು ಓದಿ ಒಂದು ಬೀಡಿ ಕಟ್ಟಬೇಕು.’

ಅದರ ಹಿಂದಿನ ವಾರವಷ್ಟೇ ನಾನು ಹಿಮಾಲಯದ ಸೌಂದರ್ಯದ ಮೇಲೆ ಗೈಡಿನಿಂದ ಮೂರು ಪುಟ ಇಳಿಸಿಕೊಟ್ಟಿದ್ದೆ. ಮಾಷ್ಟ್ರು ಅದಕ್ಕೆ ರುಜು ಹಾಕಿದ್ದರು, ಒಂದು ಮಾತೂ ಬರೆದಿರಲಿಲ್ಲ.

ಬೀಡಿಯ ಪ್ರಬಂಧವನ್ನೂ ಹಾಗೆಯೇ ಶುರುಮಾಡಿದೆ: ‘ಬೀಡಿಯು ಕರಾವಳಿಯ ಪ್ರಮುಖ ಗುಡಿಕೈಗಾರಿಕೆಯಾಗಿದೆ.’ ಮಾಷ್ಟ್ರು ಆ ಸಾಲನ್ನು ಹೊಡೆದುಹಾಕಿ, ‘ಇದನ್ನು ನಿನ್ನ ಅಮ್ಮ ಯಾವಾಗ ಹೇಳಿದ್ರು?’ ಎಂದು ಕೇಳಿದರು. ಕೆಳಗೆ, ಎಲೆ, ಪುಡಿ ಇಟ್ಟುಕೊಳ್ಳುವುದಕ್ಕೆ ‘ಮೊರ’ ಎಂದು ಬರೆದಿದ್ದೆ. ‘ನಿಮ್ಮ ಮನೆಯಲ್ಲಿ ಮೊರ ಅಂತಾರಾ?’

‘ಇಲ್ಲ ಸಾರ್, ತಡ್ಪೆ.’

‘ಹಾಗಾದ್ರೆ ಮೊರ ಯಾರದ್ದು?’

ತುಳುವಿನಲ್ಲಿ ಬದುಕಿ ಕನ್ನಡದಲ್ಲಿ ಪರೀಕ್ಷೆ ಬರೆಯುವ ನಮ್ಮಂಥವರಿಗೆ ಅದು ಎಷ್ಟು ದೊಡ್ಡ ಪ್ರಶ್ನೆಯೆಂದು ಬೇರೆ ಕಡೆಯವರಿಗೆ ಗೊತ್ತಾಗಲಿಕ್ಕಿಲ್ಲ. ಅಲ್ಲಿಯವರೆಗೆ ಪುಸ್ತಕದಲ್ಲಿ ಬರೆಯುವುದಕ್ಕೆ ಬೇರೆಯೇ ಒಂದು ಮನೆ, ಬೇರೆಯೇ ಒಬ್ಬ ಅಮ್ಮ ಬೇಕೆಂದು ತಿಳಿದಿದ್ದೆ. ಮಾಷ್ಟ್ರು ಕಪಾಟಿನಿಂದ ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ತೆಗೆದು ಪಾರೋತಿ, ಸರಸೋತಿ ಎಂಬ ಹೆಸರುಗಳ ಮೇಲೆ ಬೆರಳಿಟ್ಟರು. ಪಾರ್ವತಿ, ಸರಸ್ವತಿ ಎಂದು ಬರೆಯಲು ಕಾರಂತರಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ಕೋಟದ ಹತ್ತಿರದ ಕೋಡಿಯ ಮರಳು, ಉಪ್ಪು ನೀರು, ಹೆಂಗಸರ ದುಡಿತ ಆ ಹೆಸರುಗಳ ಒಳಗೇ ಇದೆ ಎಂದರು. ಮುಂದೆ ವೈದೇಹಿಯವರ ಕತೆಗಳಲ್ಲಿ ಕುಂದಾಪುರದ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಬೆರಳು ಕಂಡಿದೆ.

ಮೂರನೆಯ ಸಲ ಬರೆಯುವಾಗ ಅಮ್ಮನ ಎದುರು ಕೂತು ಅವರ ಕೈಯನ್ನೇ ನೋಡಿದೆ. ಹುಟ್ಟಿದಂದಿನಿಂದ ಕಂಡ ಕೈ ಅದು, ನೋಡಿದ್ದು ಮಾತ್ರ ಆವತ್ತು. ಸಂಜೆ ಎಲೆಯನ್ನು ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಮೆತ್ತಗಾದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುತ್ತಾರೆ. ದಪ್ಪ ನರ ಬರುವ ಕಡೆ ಕತ್ತರಿ ತಾನಾಗಿ ಓರೆಯಾಗುತ್ತದೆ. ಪುಡಿ ಹಾಕುವಾಗ ಅಳತೆ ಇಲ್ಲ, ಮೂರು ಬೆರಳಿಗೇ ಲೆಕ್ಕ ಗೊತ್ತು. ಬಲಗೈ ಹೆಬ್ಬೆರಳ ಉಗುರಿನ ಅಂಚು ಸವೆದು ಹೋಗಿತ್ತು. ಅಲ್ಲಿಯವರೆಗೆ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಜೊತೆಗೆ ಇನ್ನೊಂದು ಸಂಗತಿಯನ್ನೂ ಬರೆದೆ. ಒಮ್ಮೆ ಬ್ರ್ಯಾಂಚಿನಲ್ಲಿ ಅಮ್ಮ ಕೊಟ್ಟ ಬೀಡಿಯಲ್ಲಿ ಮೂರು ಕಟ್ಟು ಸರಿಯಿಲ್ಲವೆಂದು ತೆಗೆದು, ಎಲ್ಲರ ಎದುರೇ ಮುರಿದು ಹಾಕಿದ್ದರು. ಬರುವ ದಾರಿಯಲ್ಲಿ ಅಮ್ಮ ಅತ್ತದ್ದನ್ನು ನಾನು ಕಂಡಿದ್ದೆ.

ಮಾಷ್ಟ್ರು ಓದಿ ತುಂಬಾ ಹೊತ್ತು ಸುಮ್ಮನಿದ್ದರು. ಶಾಲಾ ಸಂಚಿಕೆಗೆ ಹಾಕುತ್ತೇನೆ, ಮೊದಲು ಅಮ್ಮನಿಗೆ ಓದಿ ಹೇಳು ಎಂದರು. ನನಗೆ ಬೇಸರವಾಯಿತು. ನಾನು ಬರೆದದ್ದಕ್ಕೆ ಅಮ್ಮನ ಒಪ್ಪಿಗೆ ಯಾಕೆ?

ಅಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡರು. ಕೊನೆಗೆ, ‘ನಾನು ಅತ್ತದ್ದಲ್ಲ. ಪುಡಿ ಕಣ್ಣಿಗೆ ಬಿದ್ದಿತ್ತು. ಹಾಗೆ ಬರಿ’ ಎಂದರು. ‘ಪುಡಿ ಕಣ್ಣಿಗೆ ಬಿದ್ದದ್ದು ಎಂದು ಅಮ್ಮ ಹೇಳಿದರು’ ಎಂದು ತಿದ್ದಿಕೊಂಡು ಹೋದೆ. ಮಾಷ್ಟ್ರು ಆ ಸಾಲಿನ ಅಡಿಗೆ ಗೆರೆ ಎಳೆದು ಕೆಂಪು ಶಾಯಿಯಲ್ಲಿ ‘ಇದು ಕತೆ’ ಎಂದು ಬರೆದರು. ಆ ಪುಸ್ತಕ ನನ್ನಲ್ಲಿ ಇನ್ನೂ ಉಂಟು. ಮೂರು ಕಥಾಸಂಕಲನ ಬಂದಿವೆ, ಸನ್ಮಾನದ ಶಾಲುಗಳೂ ಸಾಕಷ್ಟು ಇವೆ. ಆ ಎರಡು ಶಬ್ದದಷ್ಟು ಸಂತೋಷವನ್ನು ಬೇರೆ ಯಾವುದೂ ಕೊಟ್ಟಿಲ್ಲ.

ಕಳೆದ ವರ್ಷ ಮಲ್ಪೆ ಕಡೆಯ ಮಕ್ಕಳ ಕಥಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಹೆಚ್ಚಿನ ಕತೆಗಳಲ್ಲಿ ಒಂದು ವೃದ್ಧಾಶ್ರಮ, ಅಮೆರಿಕದಲ್ಲಿ ಒಬ್ಬ ಮಗ. ಅಕ್ಷರ ದುಂಡಗೆ, ತಪ್ಪಿಲ್ಲದ ಕನ್ನಡ. ಒಬ್ಬ ಹುಡುಗನನ್ನು ಹತ್ತಿರ ಕರೆದು ಅಪ್ಪ ಎಂತ ಮಾಡುತ್ತಾರೆಂದು ಕೇಳಿದೆ. ಬೋಟಿಗೆ ಹೋಗುವುದಂತೆ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗಿಳಿಯುವಂತಿಲ್ಲವಲ್ಲ, ಆಗ ಅಪ್ಪ ಮನೆಯಲ್ಲಿ ಹೇಗಿರುತ್ತಾರೆ, ಬಲೆ ಕಟ್ಟುತ್ತಾ ಯಾರ ಮೇಲೆ ರೇಗುತ್ತಾರೆ, ರಾತ್ರಿ ಎದ್ದು ಕಡಲಿನ ಸದ್ದಿಗೆ ಹೇಗೆ ಕಿವಿಗೊಡುತ್ತಾರೆ, ಎಲ್ಲವನ್ನೂ ಹೇಳಿದ. ನನ್ನ ಮೈ ಜುಮ್ಮೆಂದಿತು. ‘ಇದನ್ನು ಯಾಕೆ ಬರೀಲಿಲ್ಲ ಮಗಾ?’ ಎಂದರೆ, ‘ಇದನ್ನೆಲ್ಲ ಬರೀಬಹುದಾ ಮೇಡಂ?’ ಎಂದು ಕೇಳಿದ.

ಆ ಹುಡುಗನದ್ದು ತಪ್ಪಲ್ಲ. 625ಕ್ಕೆ 625 ತೆಗೆಯುವ ಓಟದಲ್ಲಿ ಮಾದರಿ ಉತ್ತರ ಬಿಟ್ಟು ಇನ್ನೊಂದನ್ನು ಬರೆಯಲು ಯಾವ ಮಗುವಿಗೆ ಧೈರ್ಯ ಬರುತ್ತದೆ? ಒಂದೇ ಪ್ರಬಂಧವನ್ನು ಮೂರು ಸಲ ಬರೆಸುವಷ್ಟು ಪುರುಸೊತ್ತನ್ನು ಇವತ್ತು ಯಾವ ಅಧ್ಯಾಪಕರಿಗೆ ಕೊಟ್ಟಿದ್ದೇವೆ? ಬೋಟು ಕಂಡು ಬೆಳೆದ ಮಕ್ಕಳು ಬೋಟಿನ ಬಗ್ಗೆ ಬರೆಯದಿದ್ದರೆ ಇನ್ನು ಯಾರು ಬರೆಯುವುದು? ಇದನ್ನು ಹೇಳಲೆಂದೇ ಈ ಸಂಚಿಕೆಗೆ ಬರೆಯಲು ಒಪ್ಪಿದೆ.

ಮಾಷ್ಟ್ರ ಉತ್ತರಕ್ರಿಯೆಯ ಊಟ ಮುಗಿಸಿ ಅಮ್ಮನಲ್ಲಿಗೆ ಹೋದೆ. ಅಮ್ಮ ಬೀಡಿ ಬಿಟ್ಟು ವರ್ಷಗಳಾದವು. ಕೈ ಸುಮ್ಮನಿರುವುದಿಲ್ಲ, ಸೀರೆಯ ಸೆರಗನ್ನೇ ಸುರುಳಿ ಸುತ್ತುತ್ತಾ ಕೂತಿರುತ್ತಾರೆ. ಮಾಷ್ಟ್ರು ಹೋದರು ಎಂದೆ. ‘ಯಾರು, ಬೀಡಿಯ ಮಾಷ್ಟ್ರಾ?’ ಎಂದರು. ಸ್ವಲ್ಪ ಹೊತ್ತು ಸೆರಗು ಸುತ್ತಿದರು, ಬಿಚ್ಚಿದರು.

‘ಆವತ್ತು ನಾನು ಅತ್ತದ್ದು ಹೌದು’ ಎಂದರು. ‘ಇನ್ನು ಬೇಕಾದ್ರೆ ಬರಿ.’