ರಿಪ್ಲಿಗೆ ಹೋಗುವ ಮುಂಚೆ ವಾಪಸ್ ಬರೋ ಗಾಡಿ ನೋಡಿಕೊಳ್ಳಿ

ಹೋಗುವಾಗ ಮೊಬೈಲಿನಲ್ಲಿ ಕರೆದ ಐದೇ ನಿಮಿಷಕ್ಕೆ ಬಾಡಿಗೆ ಕಾರು ಬಂತು. ಬರುವಾಗ ಮೊಬೈಲಿನಲ್ಲಿ ಚಕ್ರ ತಿರುಗಿದ್ದೇ ತಿರುಗಿದ್ದು, ಒಂದು ಗಾಡಿಯೂ ಸಿಗಲಿಲ್ಲ. ಎರಡೂವರೆ ಗಂಟೆ ಕಾದೆವು. ಕೊನೆಗೆ ಮಗಳೇ ಡ್ಯೂಟಿ ಮುಗಿಸಿ ಬಂದಳು. ದಾರಿಯುದ್ದಕ್ಕೂ ಬೈಸಿಕೊಂಡೆ. ಅಮೆರಿಕದ ಸಿನ್ಸಿನಾಟಿ ನಗರದಿಂದ ಒಹಾಯೊ ನದಿ ದಂಡೆಯ ರಿಪ್ಲಿ ಊರಿಗೆ ಸುಮಾರು 80 ಕಿ.ಮೀ. ಸ್ವಂತ ಕಾರಿಲ್ಲದೆ ಹೊರಡಬೇಡಿ.

ಸಿನ್ಸಿನಾಟಿಯಲ್ಲೇ ಗುಲಾಮಗಿರಿಯ ಚರಿತ್ರೆ ಹೇಳುವ ದೊಡ್ಡ ಮ್ಯೂಸಿಯಂ ಇದೆ. ನನಗೆ ಗದ್ದಲ ಆಗಿಬರಲ್ಲ. ಅದಕ್ಕೇ ಅದೇ ಚರಿತ್ರೆಯ ಈ ಪುಟ್ಟ ಊರು.

ಮೊದಲು ಫ್ರಂಟ್ ಸ್ಟ್ರೀಟಿನಲ್ಲಿ, ಗುಲಾಮನಾಗಿದ್ದು ಆಮೇಲೆ ಗುಲಾಮರನ್ನು ಪಾರು ಮಾಡಿದ ಜಾನ್ ಪಾರ್ಕರ್ ಮನೆ ನೋಡಿ. ಊರಿನವರೇ ಕೂಡಿ ಉಳಿಸಿಕೊಂಡ ಮ್ಯೂಸಿಯಂ. ವರ್ಷವಿಡೀ ತೆರೆದಿರುವುದಿಲ್ಲ, ಫೋನ್ ಮಾಡಿಯೇ ಹೋಗಿ. ನಾನು ಬೆಳಗಾವಿಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವನು. ಈತನೂ ಫೌಂಡ್ರಿಯವನೇ ಅಂತ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ! ಎಂಟನೇ ವಯಸ್ಸಿಗೆ ತಾಯಿಯಿಂದ ಕಿತ್ತು ಮಾರಿದ್ದರು. ಅಲಬಾಮಾದಲ್ಲಿ ಎರಕದ ಕೆಲಸ ಕಲಿತ. 1845ರಲ್ಲಿ 1800 ಡಾಲರ್ ತೆತ್ತು ತನ್ನನ್ನು ತಾನೇ ಬಿಡಿಸಿಕೊಂಡ. ಆಗ ವಯಸ್ಸು ಬರೀ 18. ಆಮೇಲೆ ರಿಪ್ಲಿಯಲ್ಲಿ ಸ್ವಂತ ಫೌಂಡ್ರಿ ಹಾಕಿದ. ಹೊಲದ ಹೆಂಟೆ ಒಡೆಯುವ ಯಂತ್ರಕ್ಕೆ ಪೇಟೆಂಟ್ ಕೂಡ ಪಡೆದ. ಹಗಲು ಎರಕ, ರಾತ್ರಿ ದೋಣಿ. ಆಚೆ ದಡ ಕೆಂಟಕಿ, ಅಲ್ಲಿ ಆಗ ಗುಲಾಮಗಿರಿ ಕಾನೂನುಬದ್ಧ; ಈಚೆಯ ಒಹಾಯೊ ರಾಜ್ಯದಲ್ಲಿ ಇರಲಿಲ್ಲ. ಕೆಂಟಕಿಯಿಂದ ಗುಲಾಮರನ್ನು ಕದ್ದು ಈಚೆಗೆ ದಾಟಿಸುತ್ತಿದ್ದ.

ಮನೆ ಮುಂದೆ ನಿಂತು ನದಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಆಚೆಯ ಮರ ಎಣಿಸಬಹುದು. ಆದರೆ ಓಡಿಹೋದ ಗುಲಾಮರನ್ನು ಹಿಡಿದುಕೊಡುವ 1850ರ ಕಾನೂನು ಬಂದ ಮೇಲೆ ದಾಟಿದವರನ್ನೂ ಹಿಡಿದು ವಾಪಸ್ ಒಪ್ಪಿಸುತ್ತಿದ್ದರು, ಆಸರೆ ಕೊಟ್ಟವರಿಗೂ ಜೈಲು, ದಂಡ.

ಗುಡ್ಡದ ಮೇಲೆ ಪಾದ್ರಿ ಜಾನ್ ರ‍್ಯಾಂಕಿನ್ ಮನೆ. 13 ಮಕ್ಕಳ ಸಂಸಾರ, ಸಣ್ಣ ಮನೆ, ಓಡಿ ಬಂದವರಿಗೂ ಅಲ್ಲೇ ಜಾಗ. ಕೆಳಗಿನಿಂದ ಮೆಟ್ಟಿಲಿವೆ. ನನ್ನಾಕೆ ಅರ್ಧಕ್ಕೇ ಕೂತುಬಿಟ್ಟಳು. ಮಂಡಿ ನೋವಿದ್ದರೆ ಕಾರಿನ ರಸ್ತೆಯಲ್ಲೇ ಹೋಗಿ.

ಕಾಯುವಷ್ಟು ಹೊತ್ತೂ ನಮ್ಮನ್ನು ಸಾಕಿದ್ದು ಒಂದು ಸಣ್ಣ ಹೋಟೆಲ್. ಬೆಣ್ಣೆಯಲ್ಲಿ ಕಾಯಿಸಿದ ಚೀಸ್ ಬ್ರೆಡ್ಡು, ಬಿಸಿ ಟೊಮೆಟೊ ಸೂಪು, ಮೆಕ್ಕೆಜೋಳದ ಬ್ರೆಡ್ಡು. ಇಬ್ಬರೂ ಹೊಟ್ಟೆ ತುಂಬ ತಿಂದರೂ ಬಿಲ್ಲು ಇಪ್ಪತ್ತು ಡಾಲರ್ ದಾಟಲಿಲ್ಲ. ಬೀನ್ಸ್‌ಗೆ ಹಂದಿಮಾಂಸ ಹಾಕಿರುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ. ಖಾರ ಬೇಕು ಅಂದದ್ದಕ್ಕೆ ಹೋಟೆಲಿನ ಅಜ್ಜಿ ಒಳಗೆ ಹೋಗಿ ವಿನೆಗರ್‌ನಲ್ಲಿ ನೆನೆಸಿದ ಮೆಣಸಿನಕಾಯಿ ಬಾಟಲಿಯನ್ನೇ ತಂದಿಟ್ಟರು. ಆ್ಯಪಲ್ ಪೈ ಎರಡನೇ ಸಲ ಕೇಳಿದ್ದು ನಾನಲ್ಲ, ನನ್ನಾಕೆ.