ಯಾಕುಶಿಮಾಗೆ ಹೋಗಿ ದೊಡ್ಡ ಮರ ನೋಡ್ದೆ ಬಂದ ಕಥೆ

ಯಾಕುಶಿಮಾ ಅನ್ನೋ ಜಪಾನಿನ ದ್ವೀಪಕ್ಕೆ ಹೋಗಿದ್ದೆ ಅಂದ ತಕ್ಷಣ ಆಫೀಸಲ್ಲಿ ಎಲ್ರೂ ಕೇಳೋದು ಒಂದೇ, ಜೋಮೋನ್ ಸುಗಿ ನೋಡಿದ್ಯಾ ಅಂತ. ಇಲ್ಲ ಮಾರಾಯ್ರೆ, ನೋಡ್ಲಿಲ್ಲ. ಈ ಮಾತು ಹೇಳಿದ್ಮೇಲೆ ಎದುರಿನವ್ರ ಮುಖ ನೋಡ್ಬೇಕು, ತಿರುಪತಿಗೆ ಹೋಗಿ ಲಾಡು ಮಾತ್ರ ತಗೊಂಡು ಬಂದವನನ್ನ ನೋಡ್ದಂಗೆ ನೋಡ್ತಾರೆ.

ಸುಗಿ ಅನ್ನೋದು ಜಪಾನಿನ ದೇವದಾರು ಥರದ ಮರ, ಜೋಮೋನ್ ಸುಗಿ ಅಂದ್ರೆ ಆ ದ್ವೀಪದ ಅಜ್ಜ ಮರ. 25 ಮೀಟರ್ ಎತ್ತರ, ಸುತ್ತಳತೆ 16 ಮೀಟರ್ ಮೇಲೆ. ವಯಸ್ಸು ಕೇಳಿದ್ರೆ ಒಬ್ರು 2,170 ವರ್ಷ ಅಂತಾರೆ ಇನ್ನೊಬ್ರು 7,200 ಅಂತಾರೆ, ಯಾಕಂದ್ರೆ ಮರದ ಹೊಟ್ಟೆ ಟೊಳ್ಳು, ಉಂಗುರ ಎಣಿಸೋಕೆ ನಡುವಲ್ಲಿ ಮರಾನೇ ಇಲ್ಲ. ಅದನ್ನ ನೋಡೋಕೆ ಹೋಗಿ ಬರೋದು 22 ಕಿಲೋಮೀಟರ್, ಅದ್ರಲ್ಲಿ ಮುಕ್ಕಾಲು ದಾರಿ ಹಿಂದೆ ಮರ ಸಾಗಿಸ್ತಿದ್ದ ಸಣ್ಣ ರೈಲಿನ ಹಳಿ ಮೇಲೆ ನಡೆಯೋದು, ಹತ್ತು ಗಂಟೆ ಕೆಲಸ. ಬೆಳಗ್ಗೆ ಐದರ ಹೊತ್ತಿಗೆ ಬಸ್ಸು ಹತ್ಬೇಕು. ಆ ಬಸ್ಸಿನ ಟಿಕೆಟ್ ಹಿಂದಿನ ದಿನಾನೇ ತಗೊಂಡಿರ್ಬೇಕು. ಇದು ನಂಗೆ ಗೊತ್ತಿರ್ಲಿಲ್ಲ, ಅಥವಾ ಎಲ್ಲೋ ಓದಿದ್ದೆ ಆದ್ರೆ ತಲೆಗೆ ಹೋಗಿರ್ಲಿಲ್ಲ, ಬಸ್ಸಲ್ಲಿ ಕಂಡಕ್ಟರ್ ಹತ್ರ ತಗೊಂಡ್ರಾಯ್ತು ಅನ್ನೋ ನಮ್ಮೂರ ಬುದ್ಧಿ. ನಾನು ಸಂಜೆ ಹೋಗಿ ಕೇಳೋ ಹೊತ್ತಿಗೆ ಕೌಂಟರ್ ಬಾಗ್ಲು ಹಾಕಿತ್ತು. ನಂಗೆ ಇದ್ದಿದ್ದು ಒಂದೇ ಪೂರ್ತಿ ದಿನ. ಪೂರ್ತಿ ನನ್ನದೇ ತಪ್ಪು, ಬೇರೆ ಯಾರನ್ನೂ ಬೈಯೋ ಹಾಗಿಲ್ಲ.

ಸರಿ, ಮೊದ್ಲಿಂದ ಹೇಳ್ತೀನಿ. ನಾನು ಪ್ರಾಜೆಕ್ಟ್ ಮೇಲೆ ಒಸಾಕಾದಲ್ಲಿದ್ದೆ. ಮಾರ್ಚ್ ಕೊನೇಲಿ ನಾಲ್ಕು ದಿನ ರಜೆ ಸಿಕ್ತು, ಜೊತೆಗೆ ಬರ್ತೀನಿ ಅಂದಿದ್ದ ಫ್ರೆಂಡು ಕೊನೇ ಗಳಿಗೇಲಿ ಕೈ ಎತ್ತಿದ, ಹೋಗ್ಲಿ ಅಂತ ಒಬ್ನೇ ಹೊರಟೆ. ಕಾಗೋಶಿಮಾ ತನಕ ಶಿಂಕಾನ್ಸೆನ್ ಅನ್ನೋ ಬುಲೆಟ್ ಟ್ರೇನು, ಅಲ್ಲಿಂದ ಜೆಟ್‌ಫಾಯಿಲ್ ಅನ್ನೋ ನೀರಿನ ಮೇಲೆ ಎದ್ದು ಓಡೋ ದೋಣಿ, ಸುಮಾರು ಎರಡು ಗಂಟೆ. ದೋಣೀಲಿ ಸೀಟ್ ಬೆಲ್ಟ್ ಹಾಕಿ ಅಂತ ಅನೌನ್ಸ್ ಮಾಡಿದ್ರು. ನಂಗೆ ನಗು ಬಂತು, ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಹತ್ತಿದವನಿಗೆ ಸೀಟ್ ಬೆಲ್ಟಾ? ಆಮೇಲೆ ಗೊತ್ತಾಯ್ತು, ಆ ಸ್ಪೀಡಲ್ಲಿ ತಿಮಿಂಗಿಲಕ್ಕೋ ಮತ್ತೊಂದಕ್ಕೋ ಗುದ್ದಿದ್ರೆ ಜನ ಎಗರಿ ಬೀಳ್ತಾರಂತೆ. ಬೆಲ್ಟ್ ಬಿಗಿ ಮಾಡ್ಕೊಂಡೆ.

ಇಳಿದಾಗ ಮಳೆ. ಯಾಕುಶಿಮಾದಲ್ಲಿ ತಿಂಗಳಿಗೆ 35 ದಿನ ಮಳೆ ಅಂತ ಒಂದು ಮಾತಿದೆ. ನಾನು ಕುಂದಾಪ್ರದವ್ನು, ಘಾಟಿ ಹತ್ತಿದ್ರೆ ಆಗುಂಬೆ, ಮಳೆ ವಿಷ್ಯದಲ್ಲಿ ನಂಗೆ ಯಾರೂ ಪಾಠ ಹೇಳೋದು ಬೇಡ ಅನ್ನೋ ಸೊಕ್ಕು ಇತ್ತು. ಲೆಕ್ಕ ನೋಡಿದ್ರೆ ದ್ವೀಪದ ಕರಾವಳೀಲೇ ವರ್ಷಕ್ಕೆ 4,000 ಮಿಲಿಮೀಟರ್, ಬೆಟ್ಟದ ಮೇಲೆ 8,000ದಿಂದ 10,000. ಕಾರಣ ನಮ್ಮ ಘಟ್ಟದ್ದೇ, ಬೆಚ್ಚಗಿನ ಸಮುದ್ರದ ಮೇಲಿಂದ ಬರೋ ಒದ್ದೆ ಗಾಳಿಗೆ ಎದುರಿಗೆ ಗೋಡೆ ಥರ ಬೆಟ್ಟ ಸಿಗತ್ತೆ. ಇಡೀ ದ್ವೀಪ ಸುತ್ತಿದ್ರೆ 130 ಕಿಲೋಮೀಟರ್ ಅಷ್ಟೇ, ನಡುವಲ್ಲಿ ಮಾತ್ರ ಮಿಯಾನೊಉರಾ ಅನ್ನೋ 1,936 ಮೀಟರ್ ಬೆಟ್ಟ, ನಮ್ಮ ಮುಳ್ಳಯ್ಯನಗಿರಿಗಿಂತ ಒಂಚೂರು ಎತ್ತರ. ವ್ಯತ್ಯಾಸ ಏನಂದ್ರೆ ನಮ್ಮ ಮಳೆ ನಾಲ್ಕು ತಿಂಗಳು ಹುಚ್ಚಾಪಟ್ಟೆ ಹೊಡೆದು ಆಮೇಲೆ ರಜೆ ಹಾಕತ್ತೆ, ಅವ್ರದ್ದಕ್ಕೆ ರಜೆ ಇಲ್ಲ.

ಮಾರನೇ ದಿನ ದೊಡ್ಡ ಮರದ ಬದ್ಲು ಶಿರಾತಾನಿ ಉನ್‌ಸುಯ್‌ಕ್ಯೋ ಅನ್ನೋ ಕಣಿವೆಗೆ ಹೋಗೋದು ಅಂತಾಯ್ತು, ಅಲ್ಲಿಗೆ ಮಾಮೂಲಿ ಬಸ್ಸಿದೆ. ನಾನು ಕೊಡೆ ಹಿಡ್ಕೊಂಡು ಹೊರಟೆ. ಉಳ್ಕೊಂಡಿದ್ದ ಮನೆಯ ಅಜ್ಜಿ ಬಾಗಿಲಲ್ಲೇ ತಡೆದು ಕೊಡೆ ಕಿತ್ಕೊಂಡ್ರು. ಅಕ್ಷರಶಃ ಕಿತ್ಕೊಂಡ್ರು. ಕೈಯಲ್ಲಿ ಮರ ಹಿಡ್ಕೊಳ್ಳೋ ಹಾಗೆ, ಕಲ್ಲು ಹಿಡ್ಕೊಳ್ಳೋ ಹಾಗೆ ಆ್ಯಕ್ಷನ್ ಮಾಡಿ ತೋರಿಸಿದ್ರು, ಎರಡೂ ಕೈ ಖಾಲಿ ಇರ್ಬೇಕು ಅಂತ. ಪಕ್ಕದ ಅಂಗಡೀಲಿ ಜಾಕೆಟ್ಟು, ಪ್ಯಾಂಟು, ಬೂಟು ಎಲ್ಲಾ ಬಾಡಿಗೆಗೆ ಸಿಗತ್ತೆ ಅಂತ ಕರ್ಕೊಂಡು ಹೋಗಿ ಕೊಡಿಸಿದ್ರು. ಆ ಪ್ಯಾಂಟು ನನ್ನ ಹೊಟ್ಟೆಗೆ ಸರಿಯಾಗೋ ಸೈಜ್ ಹುಡುಕೋಕೆ ಅಂಗಡಿಯವ್ರು ಒಳಗೆ ಹೋಗಿ ಐದು ನಿಮಿಷ ಬರ್ಲಿಲ್ಲ, ಅದು ಬೇರೆ ವಿಷ್ಯ.

ಕಣಿವೆ ಬಾಗಿಲಲ್ಲಿ 500 ಯೆನ್ ಕೊಟ್ಟು ಮ್ಯಾಪ್ ತಗೊಂಡು ಒಳಗೆ ಹೋದೆ. ಮೊದ್ಲ ಅರ್ಧ ಗಂಟೆ ನಿಜ ಹೇಳ್ತೀನಿ, ಅಂಥ ದೊಡ್ಡದೇನೂ ಅನ್ನಿಸ್ಲಿಲ್ಲ. ಹಳ್ಳ, ಬಂಡೆ, ಮಳೆ, ಪಾಚಿ. ಕೊಲ್ಲೂರು ಕಡೆ ಮಳೆಗಾಲದಲ್ಲಿ ಬಂದ್ರೆ ಇದೇ ಸಿಗತ್ತೆ, ಜೊತೆಗೆ ಉಂಬಳ ಫ್ರೀ ಅಂತ ಮನಸ್ಸಲ್ಲೇ ಹೋಲಿಕೆ ಮಾಡ್ತಾ ನಡೀತಿದ್ದೆ. ಉಂಬಳಕ್ಕೆ ಅಂತ ಉಪ್ಪಿನ ಪೊಟ್ಟಣ ಬೇರೆ ಜೇಬಲ್ಲಿ ಇಟ್ಕೊಂಡಿದ್ದೆ, ಒಂದೂ ಹತ್ಲಿಲ್ಲ.

ಆಮೇಲೆ ಹಳೇ ಕಲ್ಲು ಹಾಸಿನ ದಾರಿ ಶುರುವಾಯ್ತು. ಎಡೋ ಕಾಲದ್ದು, ಅಂದ್ರೆ 1603ರಿಂದ 1868ರ ತನಕದ ಕಾಲ, ಮರ ಕಡಿಯೋಕೆ ಹೋಗೋರಿಗೆ ಅಂತ ಮಾಡಿದ್ದು. ಅಲ್ಲೇ ಒಂದು ಮೋಟು ಕಂಡ್ತು, ನನ್ನ ಎದೆಮಟ್ಟ ಇತ್ತು, ಮೇಲಿಂದ ಕೆಳಗೆ ಪೂರ್ತಿ ಪಾಚಿ ಹೊದ್ದಿತ್ತು. ಪಕ್ಕದ ಬೋರ್ಡಿಗೆ ಫೋನ್ ಹಿಡಿದು ಟ್ರಾನ್ಸ್‌ಲೇಟ್ ಮಾಡಿ ನೋಡಿದ್ರೆ ಅದು ಎಡೋ ಕಾಲದಲ್ಲಿ ಕಡಿದ ಮರದ ಬುಡ. ಅಂದ್ರೆ ಕಡಿಮೆ ಅಂದ್ರೂ ಒಂದೂವರೆ ಶತಮಾನದ ಹಿಂದೆ ಕಡಿದದ್ದು, ಅಷ್ಟು ಮಳೇಲಿ ನಿಂತೂ ಕೊಳೆತಿಲ್ಲ. ನಮ್ಮನೆ ಹಿತ್ಲಲ್ಲಿ ಮಾವಿನ ಮರ ಕಡಿದು ಮೂರು ಮಳೆಗಾಲ ಆಗಿರ್ಲಿಲ್ಲ, ಬುಡ ಕೈಯಲ್ಲಿ ಹಿಟ್ಟು ಹಿಟ್ಟಾಗಿ ಬಂದಿತ್ತು. ಇದು ಹೇಗೆ ಸಾಧ್ಯ ಅಂತ ಅಲ್ಲೇ ನಿಂತೆ.

ಉತ್ತರ ಕಲ್ಲಲ್ಲಿದೆ. ದ್ವೀಪದ ಹೆಚ್ಚಿನ ಭಾಗ ಗ್ರಾನೈಟ್ ಬಂಡೆ, ಮೇಲೆ ಮಣ್ಣು ತೆಳ್ಳಗೆ, ಇರೋ ಸಾರಾನೂ ಮಳೆ ತೊಳ್ಕೊಂಡು ಹೋಗತ್ತೆ. ಹೊಟ್ಟೆಗೆ ಸರಿಯಾಗಿ ಸಿಗದ ಮರ ತೀರಾ ನಿಧಾನ ಬೆಳೆಯತ್ತೆ, ಉಂಗುರಗಳು ಒತ್ತೊತ್ತಾಗಿ ಕೂತು ಮರದ ತುಂಬಾ ರಾಳ ತುಂಬ್ಕೊಳ್ಳತ್ತೆ, ಆ ರಾಳ ಇರೋದ್ರಿಂದ ಹುಳ ಹಿಡಿಯಲ್ಲ ಕೊಳೆಯಲ್ಲ. ಮಾಮೂಲಿ ಸುಗಿ ಮರಕ್ಕೆ 500 ವರ್ಷ ಅಂದ್ರೆ ಮುದಿತನ. ಇಲ್ಲಿ ಸಾವಿರ ವರ್ಷ ದಾಟಿದ್ರೆ ಮಾತ್ರ ಯಾಕುಸುಗಿ ಅನ್ನೋ ಹೆಸ್ರು, ಅದಕ್ಕಿಂತ ಸಣ್ಣದಕ್ಕೆಲ್ಲಾ ಕೊಸುಗಿ, ಅಂದ್ರೆ ಮರಿ ಸುಗಿ. 900 ವರ್ಷದ್ದೂ ಮರೀನೇ!

ಇನ್ನೂ ಮುಂದೆ ಒಂದು ಬದುಕಿರೋ ಮರ, ಅದ್ರ ಬುಡದಲ್ಲಿ ಒಂದು ಗುಳಿ, ಅಂಚು ಸುಕ್ಕು ಸುಕ್ಕಾಗಿ ಮುಚ್ಕೊಳ್ತಾ ಬಂದಿದೆ, ನಮ್ಮ ಮೊಣಕಾಲಿನ ಹಳೇ ಗಾಯದ ಕಲೆ ಥರ. ಅದಕ್ಕೆ ತಮೇಶಿಗಿರಿ ಅಂತಾರೆ, ಅಂದ್ರೆ ಪರೀಕ್ಷೆಗೆ ಕಡಿದು ನೋಡೋದು. ಆಗಿನ ಕಾಲದಲ್ಲಿ ಇಲ್ಲಿಯ ಜನ ಸಾತ್ಸುಮಾ ದೊರೆಗೆ ತೆರಿಗೆ ಕೊಡ್ತಿದ್ದದ್ದು ಅಕ್ಕಿಯಲ್ಲಲ್ಲ, ಸುಗಿ ಮರ ಸೀಳಿ ಮಾಡಿದ, ಮನೆ ಚಾವಣಿಗೆ ಹೊದಿಸೋ ಹಲಗೇಲಿ. ಹಲಗೆ ನೆಟ್ಟಗೆ ಸೀಳ್ಬೇಕು ಅಂದ್ರೆ ಮರದ ನಾರು ನೆಟ್ಟಗಿರ್ಬೇಕು, ಅದಕ್ಕೆ ಮೊದ್ಲು ಒಂದು ಗುಳಿ ಕಡಿದು ನೋಡೋದು, ನೆಟ್ಟಗಿದ್ರೆ ಉರುಳಿಸೋದು, ಡೊಂಕಾಗಿದ್ರೆ ಬಿಟ್ಟು ಮುಂದಿನದಕ್ಕೆ ಹೋಗೋದು. ಹಾಗೆ ರಿಜೆಕ್ಟ್ ಆದ ಡೊಂಕು ಮರಗಳೇ ಈಗ ಎಲ್ರೂ ಫೋಟೋ ತೆಗೀತಿರೋದು. ಆ ಜೋಮೋನ್ ಸುಗಿ ಉಳ್ದದ್ದೂ ಗಂಟು ಗಂಟಾಗಿ ಹಲಗೆಗೆ ಬರಲ್ಲ ಅಂತಾನೇ ಅಂತೆ. ಗುಳಿಯೊಳಗೆ ಕೈ ಹಾಕಿ ನೋಡಿದೆ, ತಣ್ಣಗೆ, ಒಳಗೆ ನೀರು ಒಸರ್ತಾ ಇತ್ತು. ಕೈ ಹಾಕ್ಬಾರ್ದಿತ್ತೋ ಏನೋ.

ಕಡಿದ ಬುಡದ ಮೇಲೇ ಬೀಜ ಬಿದ್ದು ಹೊಸ ಮರ ಹುಟ್ಟೋದು ಇಲ್ಲಿ ಮಾಮೂಲಿ. ಹಳೇ ಮೋಟನ್ನ ಬೇರಿಂದ ತಬ್ಕೊಂಡು ಅಟ್ಟದ ಮೇಲೆ ನಿಂತ ಹಾಗೆ ನಿಂತಿರತ್ತೆ. ಇನ್ನೊಂದು ಮರದ ಕಾಲಡಿ ದಾರಿ ಹೋಗತ್ತೆ, ಎಲ್ಲಾ ಬಗ್ಗಿ ಹೋಗ್ತಾರೆ, ನಾನೂ ಬಗ್ಗಿದೆ, ಬ್ಯಾಗು ಸಿಕ್ಕಾಕ್ಕೊಂಡಿತು, ಹಿಂದೆ ಬರ್ತಿದ್ದ ಅಪರಿಚಿತ ಹೆಂಗಸು ತಳ್ಳಿ ಬಿಡಿಸಿದ್ರು. ಜಿಂಕೆ ಒಂದು ಮೂರು ಅಡಿ ದೂರದಲ್ಲಿ ನಿಂತು ಪೂರ್ತಿ ಪ್ರಸಂಗ ನೋಡ್ತು. ಅಲ್ಲಿ ಜಿಂಕೆ ನಮ್ಮೂರ ಆಡಿನಷ್ಟೇ ಇರತ್ತೆ, ಮನುಷ್ಯ ಅಂದ್ರೆ ಕ್ಯಾರೇ ಇಲ್ಲ. ಜನ 20,000, ಜಿಂಕೆ 20,000, ಮಂಗ 20,000 ಅಂತ ದ್ವೀಪದ ಹಳೇ ಗಾದೆ ಇದೆ, ಈಗ ಜನ ಸುಮಾರು 12,000ಕ್ಕೆ ಇಳಿದಿದ್ದಾರೆ, ಜಿಂಕೆಗೆ ಈ ಲೆಕ್ಕ ಗೊತ್ತಿರ್ಬೇಕು.

ತುದೀಲಿ ತಾಯ್ಕೊಇವಾ ಅನ್ನೋ ದೊಡ್ಡ ಬಂಡೆ. ಅಲ್ಲಿಂದ ಇಡೀ ಕಣಿವೆ, ಎದುರಿಗೆ ಬೆಟ್ಟದ ಸಾಲು, ಮಾರ್ಚ್ ಕೊನೇಲಿ ಕಾಡಿನ ನಡುವೆ ಅಲ್ಲಲ್ಲಿ ಬಿಳಿ ಕಾಡು ಚೆರ್ರಿ, ಹೀಗೆಲ್ಲಾ ಫೋಟೋ ನೋಡ್ಕೊಂಡು ಹೋಗಿದ್ದೆ. ಏದುಸಿರು ಬಿಟ್ಕೊಂಡು ಹತ್ತಿ ನೋಡಿದ್ರೆ ಬಿಳೀ ಗೋಡೆ. ಮಂಜು ಅಂದ್ರೆ ಮಂಜು, ಬಂಡೆಯ ಅಂಚು ಎಲ್ಲಿ ಮುಗಿಯತ್ತೆ ಅಂತಾನೂ ಗೊತ್ತಾಗ್ಬಾರ್ದು. ಅಲ್ಲಿ ಕೂತಿದ್ದ ಒಬ್ರು ವಯಸ್ಸಾದವ್ರು ನನ್ನ ಮೇಲೆ ಕನಿಕರ ಬಂದು ಎದ್ದು ನಿಂತು ಬೆರಳು ತೋರಿಸಿದ್ರು, ಅಲ್ಲಿ ಮಿಯಾನೊಉರಾ ಬೆಟ್ಟ, ಇಲ್ಲಿ ಹೊಳೆ, ಆ ಕಡೆ ಸಾಕುರಾ. ಎಲ್ಲಾ ಬಿಳಿ. ನಾನೂ ಹೌದಾ ಹೌದಾ ಅಂತ ತಲೆ ಆಡಿಸಿ ಬೆರಳು ತೋರಿಸಿದ ಕಡೆಗೆಲ್ಲಾ ಫೋಟೋ ತೆಗೆದೆ. ಈಗ್ಲೂ ಫೋನಲ್ಲಿ ಇದೆ ಆ ಆರು ಫೋಟೋ, ಯಾವುದು ಬೆಟ್ಟ ಯಾವುದು ಹೊಳೆ ಅಂತ ನಂಗೆ ಮಾತ್ರ ಗೊತ್ತು.

ಇಳಿದು ಬರೋ ಹೊತ್ತಿಗೆ ಕಾಲು ನಡುಗ್ತಿತ್ತು, ಹೊಟ್ಟೆ ಕೂಗ್ತಿತ್ತು. ಬಂದರಿನ ಹತ್ರ ಎಂಟು ಜನ ಕೂರೋ ಸಣ್ಣ ಹೋಟ್ಲು. ಮೆನು ಓದೋಕೆ ಬರಲ್ಲ, ಪಕ್ಕದವರ ತಟ್ಟೆ ತೋರಿಸಿದೆ. ಬಂತು ನೋಡಿ, ತೊಬಿಉವೊ, ಅಂದ್ರೆ ಹಾರೋ ಮೀನು, ಇಡೀ ಮೀನನ್ನ ರೆಕ್ಕೆ ಬಿಡಿಸಿ ಹಾಗೇ ಎಣ್ಣೇಲಿ ಕರಿದಿದ್ದು, ತಟ್ಟೆಯಿಂದ ಈಗ ಟೇಕಾಫ್ ಆಗತ್ತೆ ಅನ್ನೋ ಹಾಗೆ. ಹೇಗೆ ತಿನ್ನೋದು ಅಂತ ಚಾಪ್‌ಸ್ಟಿಕ್ ಹಿಡ್ಕೊಂಡು ಯೋಚ್ನೆ ಮಾಡ್ತಿದ್ದೆ, ಹೋಟ್ಲಿನವ್ರು ಕೈಯಲ್ಲೇ ಮುರಿ ಅಂತ ಸನ್ನೆ ಮಾಡಿದ್ರು. ಅಬ್ಬಾ, ಅದೊಂದು ಮಾತು ಸಾಕಿತ್ತು ನಂಗೆ. ರೆಕ್ಕೆ ಹಪ್ಪಳದ ಥರ ಕರುಕುರು, ಮೈ ಬಿಳಿ, ನಂಗು ಮೀನಿನಷ್ಟು ಮೃದು ಅಲ್ಲ, ಸ್ವಲ್ಪ ಬಿಗಿ, ವಾಸನೆ ಇಲ್ಲವೇ ಇಲ್ಲ. ಖಾರ ಇಲ್ಲ ಅನ್ನೋದೊಂದೇ ಕೊರತೆ. ಮೆಣಸಿನ ಪುಡಿ, ಹುಣಸೆ ಹುಳಿ ಹಚ್ಚಿ ರವೆ ಮೆತ್ತಿ ಕಾವಲಿ ಮೇಲೆ ಇಟ್ಟಿದ್ರೆ ಅಂತ ಒಂದು ಕ್ಷಣ ಮನಸ್ಸಿಗೆ ಬಂತು, ಹೇಳೋಕೆ ಭಾಷೆ ಇರ್ಲಿಲ್ಲ, ಒಳ್ಳೇದೇ ಆಯ್ತು.

ಆಮೇಲೆ ಅವ್ರೇ ಇನ್ನೊಂದು ಸಣ್ಣ ತಟ್ಟೆ ತಂದಿಟ್ರು. ಕುಬಿಓರೆ ಸಬಾ, ಕತ್ತು ಮುರಿದ ಸಬಾ. ಸಬಾ ಅಂದ್ರೆ ನಮ್ಮ ಬಂಗ್ಡೆಯ ದಾಯಾದಿ. ಹಸಿ. ಬಂಗ್ಡೆ ಜಾತಿ ಮೀನು ಎಷ್ಟು ಬೇಗ ಕೆಡತ್ತೆ ಅಂತ ಕರಾವಳಿಯವ್ರಿಗೆ ಹೇಳ್ಬೇಕಾ, ಬೆಳಗ್ಗೆ ತಂದದ್ದನ್ನ ಮಧ್ಯಾಹ್ನ ಅಮ್ಮ ಕಿವಿರು ಎತ್ತಿ ನೋಡಿ ಮುಖ ಸಿಂಡರಿಸ್ತಾರೆ. ಜಪಾನಲ್ಲೂ ಬೇರೆ ಕಡೆ ಇದನ್ನ ಹೆಚ್ಚಾಗಿ ಉಪ್ಪು, ವಿನೆಗರ್ ಹಾಕಿಯೇ ತಿನ್ನೋದು. ಇಲ್ಲಿ ಮಾತ್ರ ಮೀನು ದೋಣಿಗೆ ಬಿದ್ದ ತಕ್ಷಣ ಕತ್ತು ಮುರಿದು ರಕ್ತ ಪೂರ್ತಿ ಇಳಿಸ್ಬಿಡ್ತಾರೆ, ಹಾಗಾಗಿ ಹಸಿಯಾಗೇ ತಿನ್ನೋ ಹಾಗಿರತ್ತೆ. ಹೋಟ್ಲಿನವ್ರು ಎರಡೂ ಮುಷ್ಟಿ ಜೋಡಿಸಿ ಟಕ್ ಅಂತ ತೋರಿಸಿದ್ರು. ನಾನು ಧೈರ್ಯ ಮಾಡಿ ಒಂದು ಚೂರು ಅಲ್ಲಿಯ ಸಿಹಿ ಸೋಯಾ ಸಾಸಲ್ಲಿ ಅದ್ದಿ ಬಾಯಿಗೆ ಹಾಕ್ಕೊಂಡೆ. ಮೊದ್ಲು ಏನೂ ಗೊತ್ತಾಗ್ಲಿಲ್ಲ, ತಣ್ಣಗೆ, ಕಚ್ಚಿದ್ರೆ ಎಳನೀರಿನ ಗಟ್ಟಿ ಗಂಜಿ ಥರ ಬಿಗಿ, ಆಮೇಲೆ ನಿಧಾನಕ್ಕೆ ಕೊಬ್ಬಿನ ರುಚಿ ಬಂತು ನೋಡಿ, ಅರೆ ಇದು ಬಂಗ್ಡೆನೇ! 30 ವರ್ಷ ತಿಂದ ಮೀನು, ಮಸಾಲೆ ತೆಗೆದ್ರೆ ಅದ್ರ ಸ್ವಂತ ರುಚಿ ಏನು ಅಂತ ನಂಗೆ ಅವತ್ತಿನ ತನಕ ಗೊತ್ತೇ ಇರ್ಲಿಲ್ಲ. ತಟ್ಟೆ ಖಾಲಿ ಮಾಡಿ ಇನ್ನೊಂದು ತಟ್ಟೆ ಹೇಳಿದೆ.

ಕೊನೇ ದಿನ ದೋಣಿ ಮಧ್ಯಾಹ್ನಕ್ಕೆ. ಬೆಳಗ್ಗೆ ರಸ್ತೆ ಬದಿ ನಡೀತಾ ಹೋದೆ, ಒಂದು ಮರದ ಗೂಡಲ್ಲಿ ತಾಂಕಾನ್ ಕಿತ್ತಳೆ ಪ್ಯಾಕೆಟ್ಟು, ಪಕ್ಕದಲ್ಲಿ ದುಡ್ಡು ಹಾಕೋ ಡಬ್ಬಿ, ಅಂಗಡಿಯವ್ರು ಯಾರೂ ಇಲ್ಲ. ಸಿಪ್ಪೆ ಒರಟು, ಅಲ್ಲಲ್ಲಿ ಕಲೆ, ನೋಡೋಕೆ ಕೊಡಗಿನ ಕಿತ್ತಳೆ ಥರ, ಒಳಗೆ ರಸ ಅಂದ್ರೆ ರಸ. ದೋಣಿ ಬರೋ ತನಕ ಬಂದರಿನ ಕಟ್ಟೆ ಮೇಲೆ ಕೂತು ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮಂಗೆ ಪಾಚಿ, ಮೋಟು, ಮರದ ಗುಳಿ ಎಲ್ಲಾ ಫೋಟೋ ಮೊದ್ಲೇ ಕಳಿಸಿದ್ದೆ, ಅದ್ರ ಬಗ್ಗೆ ಒಂದು ಮಾತಿಲ್ಲ, ಮಂಜಿನ ಫೋಟೋ ನೋಡಿ ಇದೆಂತ ಗೋಡೆ ಫೋಟೋ ತೆಗ್ದಿ ಅಂತ ಕೇಳಿದ್ರು ಅಷ್ಟೇ. ಹಸಿ ಬಂಗ್ಡೆ ತಿಂದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ, ನೆಟ್‌ವರ್ಕ್ ಹೋಯ್ತು ಅಂದ್ಕೊಂಡೆ.

"ಹಸಿದೇ ತಿಂಬುದಾರೆ, ಆ ಹೋಟ್ಲವ ದುಡ್ಡ್ ಎಂತಕ್ ತಕಂಡ?"