ಬಿಳಿ ಪಟ್ಟಿ ಹೊಡೆಯುವ ಮೊದಲು

ಕಲಬುರಗಿಯಲ್ಲಿ ರಸ್ತೆ ಮೇಲೆ ಬಿಳಿ ಪಟ್ಟಿ ಹೊಡೆಸುವುದು ನನ್ನ ಕೆಲಸ. ಝೀಬ್ರಾ ಕ್ರಾಸಿಂಗ್, ಸ್ಟಾಪ್ ಲೈನ್, ಬಾಣದ ಗುರುತು ಎಲ್ಲ ನಮ್ಮ ತಂಡವೇ ಮಾಡುತ್ತದೆ. ಹೊಸ ಹುಡುಗರು ಬಂದರೆ ಪಟ್ಟಿ ನೇರ ಬಂತಾ, ಬಣ್ಣ ದಪ್ಪ ಕೂತಿತಾ ಅಂತ ನೋಡುತ್ತಾರೆ. ಅದೂ ಬೇಕು. ಆದರೆ ನಾನು ಮೊದಲು ಕಲಿಸುವುದು ಬೇರೆ. ರಸ್ತೆ ಅಂಚಿಗೆ ಕುಕ್ಕರಗಾಲಲ್ಲಿ ಕೂತುಕೋ, ಬರುವ ಗಾಡಿ ಕಾಣುತ್ತದಾ ನೋಡು ಅನ್ನುತ್ತೇನೆ.

ಹಾಗೆ ಕೂತರೆ ಸಣ್ಣ ಮಗುವಿನ ಕಣ್ಣಿನ ಎತ್ತರ ಸಿಗುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಕಡೆ ಒಂದು ಸಂಜೆ ಹೀಗೆ ಕೂತು ನೋಡಿ. ಬಲಕ್ಕೆ ನಿಂತ ಆಟೋ, ಅದರ ಬಾಜು ಹಣ್ಣಿನ ಬಂಡಿ. ಅವುಗಳ ಹಿಂದಿಂದ ಬರುವ ಬೈಕ್ ಕಾಣುವುದೇ ಇಲ್ಲ. ಬೈಕಿನವನಿಗೂ ಮಗು ಕಾಣುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅವನ ಕೈ ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಹಾಗಾಗಿ ಗಾಡಿ ಬರುವ ಕಡೆ, ಝೀಬ್ರಾಕ್ಕೆ ಮುಂಚಿನ ಐದಾರು ಮೀಟರ್ ಖಾಲಿ ಇರಬೇಕು. ಬರೀ ಬಣ್ಣದಿಂದ ಇದು ಆಗಲ್ಲ. ಅಲ್ಲಿ ಫುಟ್‌ಪಾತನ್ನು ಸ್ವಲ್ಪ ರಸ್ತೆಯೊಳಗೆ ಚಾಚಿದರೆ ಗಾಡಿ ನಿಲ್ಲಿಸಲು ಜಾಗವೇ ಸಿಗಲ್ಲ, ದಾಟುವ ದೂರವೂ ಕಡಿಮೆಯಾಗುತ್ತದೆ. ಜೇವರ್ಗಿ, ಆಳಂದದಿಂದ ಆಸ್ಪತ್ರೆಗೆ ಬರುವ ವಯಸ್ಸಾದವರಿಗೆ ಒಂದೊಂದು ಮೀಟರೂ ದೊಡ್ಡದು. ಬಂಡಿಯವರನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ, ಅದು ಅವರ ಹೊಟ್ಟೆಪಾಡು. ಝೀಬ್ರಾ ದಾಟಿದ ಮೇಲಿನ ಬದಿಗೆ ಜಾಗ ಕೊಟ್ಟರೆ ಯಾರ ಕಣ್ಣಿಗೂ ಅಡ್ಡ ಬರಲ್ಲ.

ಇನ್ನೊಂದು ಅಪಾಯ ಒಳ್ಳೆ ಮನಸ್ಸಿನ ಚಾಲಕನಿಂದಲೇ ಶುರುವಾಗುತ್ತದೆ. ಬಸ್ಸಿನವರು ಪಾಪ ಅಂತ ನಿಲ್ಲಿಸಿ, ಅಜ್ಜಿಗೆ ಹೋಗಮ್ಮ ಅಂತ ಕೈ ಮಾಡುತ್ತಾರೆ. ಅಜ್ಜಿ ಬಸ್ಸಿನ ಮೂತಿ ದಾಟುತ್ತಲೇ ಬಾಜುವಿನಿಂದ ಬೈಕ್ ನುಗ್ಗುತ್ತದೆ. ಪಾದಚಾರಿ ದಾಟುವ ಕಡೆ ಅವರಿಗೆ ದಾರಿ ಬಿಡಬೇಕು ಅಂತ 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ. ಆದರೆ ಕಾಣದೇ ಇರುವ ಅಜ್ಜಿಗೆ ದಾರಿ ಬಿಡುವುದು ಹೇಗೆ? ಸ್ಟಾಪ್ ಲೈನನ್ನು ಝೀಬ್ರಾಕ್ಕೆ ಅಂಟಿಸಿದ ಹಾಗೆ ಎಳೆದರೆ ಬಸ್ಸು ಅಲ್ಲೇ ಬಂದು ನಿಲ್ಲುತ್ತದೆ. ಸಿಗ್ನಲ್ ಇಲ್ಲದ ಅಗಲ ರಸ್ತೆಯಲ್ಲಿ ಅದನ್ನು ಕೆಲವು ಮೀಟರ್ ಹಿಂದಕ್ಕೆ ಎಳೆದು ನೋಡಿ. ಬಸ್ಸಿನ ಮುಂದೆ ಜಾಗ ತೆರೆದುಕೊಳ್ಳುತ್ತದೆ, ಅಜ್ಜಿಗೆ ಬೈಕ್ ಕಾಣುತ್ತದೆ, ಬೈಕಿನವನಿಗೆ ಅಜ್ಜಿ. ನನ್ನ ಪ್ರಕಾರ ಇಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ, ಹೇಗೂ ಹೊಡೆಯಬೇಕಾದ ಗೆರೆಯೇ ಅಲ್ವಾ?

ರಾತ್ರಿ ಕಥೆ ಬೇರೆ. ಥರ್ಮೋಪ್ಲಾಸ್ಟಿಕ್ ಅಂದರೆ ಕಾಯಿಸಿ ಕರಗಿಸಿ ಹೊಡೆಯುವ ಬಣ್ಣ. ಅದು ಬಿಸಿ ಇರುವಾಗಲೇ ಅದರ ಮೇಲೆ ಗಾಜಿನ ಸಣ್ಣ ಮಣಿ ಉದುರಿಸುತ್ತೇವೆ. ಹೆಡ್‌ಲೈಟ್ ಬಿದ್ದರೆ ಪಟ್ಟಿ ಹೊಳೆಯುತ್ತದೆ, ಅದರ ಮೇಲೆ ನಡೆಯುವ ಮನುಷ್ಯ ಹೊಳೆಯುವುದಿಲ್ಲ. ಬೀದಿ ದೀಪ ಝೀಬ್ರಾದ ಆಚೆ ಇದ್ದರೆ ಚಾಲಕನಿಗೆ ಬರೀ ಕಪ್ಪು ನೆರಳು ಕಾಣುತ್ತದೆ. ಗಾಡಿ ಬರುವ ಕಡೆಯೇ, ಝೀಬ್ರಾಕ್ಕಿಂತ ಸ್ವಲ್ಪ ಮುಂಚೆ ದೀಪ ಇದ್ದರೆ ಮುಖ, ಬಟ್ಟೆ, ಕೈಯಲ್ಲಿನ ಚೀಲ ಎಲ್ಲ ಕಾಣುತ್ತದೆ. ಕಂಬ ನೆಡುವವರು ಗುಂಡಿ ತೋಡುವ ಮೊದಲು ನಮ್ಮನ್ನು ಒಂದು ಮಾತು ಕೇಳಲಿ. ಪಟ್ಟಿ ಎಲ್ಲಿ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡುತ್ತೇವೆ.